ಸಹಾಯ ಬೇಕು: ಹಾರ್ವೆ ಚಂಡಮಾರುತದ ನೆರೆ ನುಗ್ಗಿದ ಮನೆ, ಗೋಡೆ ಬುಡದ ಮರ ಒಣಗ್ತಾ ಇಲ್ಲ

ಅಮೆರಿಕದ ಹ್ಯೂಸ್ಟನ್ ಕಡೆ ಮನೆ ರಿಪೇರಿ ಗೊತ್ತಿರೋರು ದಯವಿಟ್ಟು ಓದಿ. 2017 ಆಗಸ್ಟ್ 25ಕ್ಕೆ ಹಾರ್ವೆ ದಡ ಮುಟ್ಟಿ ಈಗ ಐದು ವಾರ. ಬಾರ್ಕರ್ ಜಲಾಶಯದ ಹತ್ತಿರದ ಈ ಮನೆಯಲ್ಲಿ ಎರಡಡಿ ನೀರು ನಿಂತಿತ್ತು.

ಅಕ್ಕಪಕ್ಕದವರೆಲ್ಲ ಕೈಹಾಕಿ ಡ್ರೈವಾಲ್ (ಗೋಡೆ ಒಳಮೈಗೆ ಹೊಡೆಯೋ ಜಿಪ್ಸಂ ಹಾಳೆ) ನಾಲ್ಕಡಿ ಎತ್ತರಕ್ಕೆ ಕತ್ತರಿಸಿದ್ದಾಯ್ತು. ಹಾಳೆ ಅಗಲ ನಾಲ್ಕಡಿ, ಹೊಸದು ಅಡ್ಡಕ್ಕೆ ಸರಿಯಾಗಿ ಕೂರುತ್ತೆ. ಗೋಡೆಯೊಳಗೆ ಶಾಖ ತಡೆಯೋಕೆ ತುಂಬಿದ್ದ ಒದ್ದೆ ಇನ್ಸುಲೇಷನ್ ಕಿತ್ತು ಬೀದಿ ಬದಿ ರಾಶಿಗೆ ಹಾಕಿದ್ದೀವಿ. ಮೊದಲು ಕಿಟಕಿ ತೆಗೆದಿಟ್ಟಿದ್ದೇ ತಪ್ಪಾಯ್ತು, ಇಲ್ಲಿನ ಗಾಳಿಯಲ್ಲೇ ಅಷ್ಟೊಂದು ತೇವ. ಈಗ ಎಲ್ಲ ಮುಚ್ಚಿ ಎರಡು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ), ನಾಲ್ಕು ಫ್ಯಾನ್ ಹಗಲೂ ರಾತ್ರಿ ಓಡ್ತಿವೆ.

ಗೋಡೆಯೊಳಗೆ ನೆಟ್ಟಗೆ ನಿಂತ ಮರದ ಪಟ್ಟಿಗಳಲ್ಲಿ ಸೂಜಿ ಚುಚ್ಚಿ ತೇವ ಅಳೆಯೋ ಮೀಟರ್ 13% ತೋರಿಸ್ತಿದೆ. ಆದರೆ ಕಾಂಕ್ರೀಟ್ ಮೇಲೆ ಮಲಗಿರೋ ಬುಡದ ಪಟ್ಟಿ ಹತ್ತು ದಿನದಿಂದ 21%ಗೇ ನಿಂತುಬಿಟ್ಟಿದೆ, ಅದೂ ಹೊರಗೆ ಇಟ್ಟಿಗೆ ಇರೋ ಗೋಡೆಗಳಲ್ಲಿ ಮಾತ್ರ. ಸೂಜಿ ಚುಚ್ಚಿದಲ್ಲಿ ಮರ ಇನ್ನೂ ಕಪ್ಪಗೆ, ತಣ್ಣಗಿದೆ. 15%ಗೆ ಇಳಿಯದೆ ಗೋಡೆ ಮುಚ್ಚಿದರೆ ಒಳಗೆ ಬೂಷ್ಟು ಬರೋ ಭಯ. ಮನೆಯವರಿಗೋ ಮಕ್ಕಳನ್ನ ಕರ್ಕೊಂಡು ಬೇಗ ವಾಪಸ್ ಬರಬೇಕು.

ಇಟ್ಟಿಗೆ ಹಿಂದಿನ ಹಲಗೆಯ ಬುಡವನ್ನ ಒಳಗಿನಿಂದ ಒಂದಡಿ ಕತ್ತರಿಸಿ, ಇಟ್ಟಿಗೆಗೂ ಹಲಗೆಗೂ ನಡುವಿನ ಸಂದಿಗೆ ಗಾಳಿ ಬಿಡಬೇಕಾ, ಇಲ್ಲ ಹೀಗೇ ಇನ್ನೆರಡು ವಾರ ಕಾಯಬೇಕಾ? ಇಂಥದ್ದೇ ಗೋಡೆ ಒಣಗಿಸಿದವರು ಹೇಳಿ.