ಇಂಪಿಟಸ್ ಅಂದರೆ ಬರೀ ವೇಗ ಅಲ್ಲ

ಪುಟ್ಟಿ, ನಿನ್ನೆ ರಾತ್ರಿ ನೀನು ‘ಇಂಗ್ಲಿಷಿನ ಇಂಪಿಟಸ್ (impetus) ಅಂದರೆ ಏನು, ಅದೂ ಮೊಮೆಂಟಮ್ಮೂ ಒಂದೇನಾ’ ಅಂತ ಕೇಳಿದ್ದೆ. ಮಾವ ‘ವೇಗ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಮಾವ, ಸಿಟ್ಟಾಗಬೇಡಿ, ಅದು ಪೂರ್ತಿ ಸರಿಯಿಲ್ಲ.

ನಮ್ಮೂರ ತೇರು ನೆನಪು ಮಾಡಿಕೋ. ಮಿಣಿ ಹಿಡಿದು ಅಷ್ಟು ಜನ ಜಗ್ಗುತ್ತಾರೆ, ತೇರು ಕದಲುವುದಿಲ್ಲ. ಹಿಂದಿನಿಂದ ಗಾಲಿಗೆ ಸನ್ನೆ ಕೊಟ್ಟು ಮೀಟುತ್ತಾರಲ್ಲ, ಆಗ ಒಂದು ಸಲ ಜರುಗುತ್ತದೆ. ಆ ಮೀಟು ಇಂಪಿಟಸ್. ಆಮೇಲೆ ಹೊರಟ ತೇರನ್ನು ನಿಲ್ಲಿಸುವುದೇ ಕಷ್ಟ ಆಗುತ್ತದೆ, ಅಲ್ವಾ? ಅದು ಮೊಮೆಂಟಮ್.

ಇನ್ನೊಂದು ಮಜಾ ಇದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆಯುತ್ತೇವೆ. ಕೈ ಬಿಟ್ಟ ಮೇಲೂ ಉತ್ತತ್ತಿ ಮುಂದೆ ಹೋಗುವುದು ಯಾಕೆ? ಹಿಂದಿನಿಂದ ಗಾಳಿ ನೂಕುತ್ತದೆ ಅಂತ ಅರಿಸ್ಟಾಟಲ್ ಹೇಳಿದ್ದ. 14ನೇ ಶತಮಾನದಲ್ಲಿ ಪ್ಯಾರಿಸ್‌ನ ತತ್ವಜ್ಞಾನಿ ಬ್ಯೂರಿಡಾನ್ ಅದನ್ನು ಒಪ್ಪಲಿಲ್ಲ. ಎಸೆದವನೇ ವಸ್ತುವಿನೊಳಗೆ ಒಂದು ಬಲ ತುಂಬುತ್ತಾನೆ ಅಂದ. ಆ ಬಲಕ್ಕೆ ಅವನು ಇಟ್ಟುಕೊಂಡ ಹೆಸರೇ ಇಂಪಿಟಸ್. ನ್ಯೂಟನ್ ಬಂದ ಮೇಲೆ ಆ ಲೆಕ್ಕ ಹೋಯಿತು. ಹಾಗಾಗಿ ಫಿಸಿಕ್ಸ್ ಪೇಪರ್‌ನಲ್ಲಿ ದ್ರವ್ಯರಾಶಿ, ವೇಗ ಗುಣಿಸುವ ಕಡೆ ಮೊಮೆಂಟಮ್ ಅಂತಲೇ ಬರೆ. ಇಂಪಿಟಸ್ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಈ ಪದದ ಮೂಲ ಲ್ಯಾಟಿನ್. ಮೇಲೆ ಬೀಳುವುದು, ನುಗ್ಗುವುದು ಅಂತ ಅರ್ಥ. ಇಂಪೆಚುಅಸ್ ಕೂಡ ಅಲ್ಲಿಂದಲೇ ಬಂದಿದ್ದು, ಅಂದರೆ ಹಿಂದೆಮುಂದೆ ನೋಡದೆ ನುಗ್ಗುವವರು. ನಿಮ್ಮಣ್ಣನ ಹೆಸರು ನಾನು ಹೇಳುವುದಿಲ್ಲ.

ಈಗ ಇಂಪಿಟಸ್ ಜಾಸ್ತಿ ಬಳಕೆಯಾಗುವುದು ಕೆಲಸ, ಯೋಜನೆ, ಚಳವಳಿ ಇಂಥದ್ದರ ಮಾತಲ್ಲಿ. ಕನ್ನಡದಲ್ಲಿ ಹೇಳುವಾಗ ಹುಷಾರು. ಪೇಪರಿನವರ ‘ಚಾಲನೆ ನೀಡಿದರು’ ಅಂದರೆ ದೀಪ ಹಚ್ಚಿದರು ಅಂತ ಅಷ್ಟೇ, ಆಮೇಲೆ ಕೆಲಸ ನಡೆಯಿತೋ ಇಲ್ಲವೋ ದೇವರಿಗೇ ಗೊತ್ತು. ‘ಕುಮ್ಮಕ್ಕು’ ಅಂದರೆ ಕೆಟ್ಟದ್ದಕ್ಕೆ ಎತ್ತಿಕಟ್ಟಿದ ಹಾಗೆ. ‘ಉತ್ತೇಜನ’ ಪರವಾಗಿಲ್ಲ. ನನಗಂತೂ ‘ಒಳ್ಳೇ ನೂಕು ಸಿಕ್ಕಿತು’ ಅನ್ನುವುದೇ ಹತ್ತಿರ ಅನಿಸುತ್ತದೆ.

ನಿನ್ನ ಪ್ರಬಂಧದ ವಾಕ್ಯಕ್ಕೆ ಬರೋಣ. 1953ರಲ್ಲಿ ಮುಗಿದ ತುಂಗಭದ್ರಾ ಡ್ಯಾಮ್ ಗಂಗಾವತಿ ಕಡೆಯ ಭತ್ತಕ್ಕೆ ಇಂಪಿಟಸ್ ಕೊಟ್ಟಿತು ಅಂತ ಬರೆದಿದ್ದೀಯ. ಪದ ಸರಿಯಾಗಿದೆ. ಕಾಲುವೆ ನೀರು ಬರದಿದ್ದರೆ ಅಲ್ಲಿ ಇಷ್ಟೊಂದು ಭತ್ತ ಎಲ್ಲಿಂದ ಬರಬೇಕು? ಆದರೆ ‘ಗೇವ್ ಎ ಇಂಪಿಟಸ್’ ಅಂತ ಹಾಕಿದ್ದೀಯಲ್ಲ, ಅಲ್ಲಿ ‘ಎ’ (a) ತೆಗೆದು ‘ಆನ್’ (an) ಹಾಕು. ಮುಂದೆ ‘ಆಫ್’ (of) ಬೇಡ, ‘ಟು’ (to) ಹಾಕು.