ಪದಚರ್ಚೆ: ನೌಕಾಪಡೆಯ ‘ಕ್ಯಾಪ್ಟನ್’, ‘ಹಾಫ್ ಪೇ’, ‘ಸೀ ಲಾರ್ಡ್’

ಪ್ರಶ್ನೆ:
ದಕ್ಷಿಣ ಧ್ರುವದಿಂದ ಮರಳುವಾಗ ತೀರಿಕೊಂಡ ಬ್ರಿಟಿಷ್ ನೌಕಾಧಿಕಾರಿ ರಾಬರ್ಟ್ ಫಾಲ್ಕನ್ ಸ್ಕಾಟ್ ಅವರ ಸೇವಾವಿವರವನ್ನು ಕನ್ನಡದಲ್ಲಿ ಬರೆಯುವಾಗ ಮೂರು ಕಡೆ ತೊಡಕಾಗಿದೆ. ಅವರ ಮೊದಲ ಅಂಟಾರ್ಕ್ಟಿಕಾ ಯಾತ್ರೆಯ, ಅಂದರೆ 1901ರ ಡಿಸ್ಕವರಿ ಹಡಗಿನಲ್ಲಿ ಅವರು ಒಂದು ಕಡೆ ‘ಕಮಾಂಡರ್’, ಇನ್ನೊಂದು ಕಡೆ ‘ಕ್ಯಾಪ್ಟನ್’. ಎರಡಕ್ಕೂ ‘ನಾಯಕ’ ಎಂದುಬಿಡಬಹುದೇ? 1909ರ ಡಿಸೆಂಬರಿನಲ್ಲಿ ಅವರು ‘ಹಾಫ್ ಪೇ’ಗೆ ಹೋದರು ಎಂದರೆ ರಜೆಯೋ, ಅಮಾನತೋ? ಅದಕ್ಕೆ ಮುಂಚೆ ‘ಸೆಕೆಂಡ್ ಸೀ ಲಾರ್ಡ್’ ಅವರ ಸಹಾಯಕರಾಗಿದ್ದರಂತೆ. ‘ದ್ವಿತೀಯ ಸಮುದ್ರಪ್ರಭು’ ಎಂದು ಬರೆಯಲು ಕೈ ಬರುತ್ತಿಲ್ಲ. ಬಲ್ಲವರು ತಿಳಿಸಿ.

ಉತ್ತರ:
‘ನಾಯಕ’ ಬೇಡ. ದರ್ಜೆ ಬೇರೆ, ಹುದ್ದೆ ಬೇರೆ. ‘ನಾಯಕ’ ಎಂದರೆ ಎರಡೂ ಒಂದೇ ಮುದ್ದೆಯಾಗುತ್ತವೆ. ಹಡಗನ್ನು ನಡೆಸುವವರು ಯಾವ ದರ್ಜೆಯವರೇ ಆಗಿರಲಿ, ಆ ಹಡಗಿನ ಮಟ್ಟಿಗೆ ‘ಕ್ಯಾಪ್ಟನ್’. ಸ್ಕಾಟ್ 1881ರಲ್ಲಿ ಕೆಡೆಟ್ ಆಗಿ ಬ್ರಿಟಾನಿಯಾ ತರಬೇತಿ ಹಡಗಿಗೆ ಸೇರಿದರು. 1883ಕ್ಕೆ ಮಿಡ್‌ಶಿಪ್‌ಮನ್ (ತರಬೇತಿ ಹಂತದ ಕಿರಿಯ ಅಧಿಕಾರಿ), 1889ಕ್ಕೆ ಲೆಫ್ಟಿನೆಂಟ್, 1900ರ ಜೂನ್‌ನಲ್ಲಿ ಕಮಾಂಡರ್. ಡಿಸ್ಕವರಿ ಹೊರಟಾಗ ದರ್ಜೆಯಿಂದ ಕಮಾಂಡರ್, ಹುದ್ದೆಯಿಂದ ಹಡಗಿನ ಕ್ಯಾಪ್ಟನ್. ಕ್ಯಾಪ್ಟನ್ ದರ್ಜೆ ಸಿಕ್ಕಿದ್ದು ಊರಿಗೆ ಮರಳಿದ ಮೇಲೆ, 1904ರ ಸೆಪ್ಟೆಂಬರಿನಲ್ಲಿ. ಹಾಗಾಗಿ ಆ ಯಾತ್ರೆಯ ಬಗ್ಗೆ ‘ಕಮಾಂಡರ್ ಸ್ಕಾಟ್’ ಎಂದೇ ಬರೆಯಿರಿ, ಹುದ್ದೆ ಹೇಳಬೇಕಾದಲ್ಲಿ ‘ಹಡಗಿನ ಮುಖ್ಯಸ್ಥ’ ಎನ್ನಿ. ನಮ್ಮ ಕರಾವಳಿಯಲ್ಲಿ ಇದೇ ಅರ್ಥಕ್ಕೆ ‘ತಾಂಡೇಲ’ ಇದೆ, ಆದರೆ ಆ ಮಾತಿಗೆ ಮೀನುಗಾರಿಕೆ ದೋಣಿಯ ವಾಸನೆ ಅಂಟಿಕೊಂಡಿದೆ, ಯುದ್ಧನೌಕೆಗೆ ಒಗ್ಗದು.

ಇನ್ನೂ ದೊಡ್ಡ ಗುಂಡಿ 1910ರ ಟೆರಾ ನೋವಾ ಹಡಗಿನ ಯಾತ್ರೆಯಲ್ಲಿದೆ; ಸ್ಕಾಟ್ ತೀರಿಕೊಂಡದ್ದು ಇದರಲ್ಲೇ. ಧ್ರುವ ಮುಟ್ಟಿದ ಐವರಲ್ಲಿ ‘ಕ್ಯಾಪ್ಟನ್ ಸ್ಕಾಟ್’, ‘ಕ್ಯಾಪ್ಟನ್ ಓಟ್ಸ್’ ಇಬ್ಬರೂ ಇದ್ದಾರೆ. ಓದುಗರು ಸರಿಸಮಾನರೆಂದೇ ತಿಳಿಯುತ್ತಾರೆ. ಓಟ್ಸ್ ಭೂಸೇನೆಯ ಅಶ್ವದಳದವರು. ಭೂಸೇನೆಯ ಕ್ಯಾಪ್ಟನ್ ನೌಕಾಪಡೆಯ ಲೆಫ್ಟಿನೆಂಟ್‌ಗೆ ಸಮ; ಆಗಿನ ಲೆಕ್ಕದಲ್ಲಿ, ಕ್ಯಾಪ್ಟನ್ ದರ್ಜೆಯಲ್ಲಿ ಮೂರು ವರ್ಷ ದಾಟಿದ ನೌಕಾಧಿಕಾರಿ ಭೂಸೇನೆಯ ಕರ್ನಲ್‌ಗೆ ಸಮ. ಮೊದಲ ಸಲ ಹೆಸರು ಬಂದಾಗ ‘ಭೂಸೇನೆಯ ಕ್ಯಾಪ್ಟನ್ ಓಟ್ಸ್’ ಎಂದರೆ ಸಾಕು, ಅಡಿಟಿಪ್ಪಣಿಯೂ ಬೇಡ. ಅದೇ ಐವರಲ್ಲಿ ಹೆನ್ರಿ ಬೋವರ್ಸ್ ಕೂಡ ಲೆಫ್ಟಿನೆಂಟೇ, ಆದರೆ ಬ್ರಿಟಿಷ್ ನೌಕಾಪಡೆಯವರಲ್ಲ, ರಾಯಲ್ ಇಂಡಿಯನ್ ಮರೀನ್‌ನವರು. ಇಂದಿನ ಭಾರತೀಯ ನೌಕಾಪಡೆಯ ಹಿಂದಿನ ರೂಪ ಅದು. ನಮ್ಮವರ ಕುತೂಹಲಕ್ಕಾದರೂ ಈ ಮಾತು ಬಿಡಬೇಡಿ.

‘ಹಾಫ್ ಪೇ’ಯನ್ನು ‘ಅರ್ಧವೇತನ’ ಎಂದಷ್ಟೇ ಬರೆದರೆ ಸರ್ಕಾರಿ ನೌಕರಿ ಬಲ್ಲವರಿಗೆ ತಕ್ಷಣ ನೆನಪಾಗುವುದು ಅರ್ಧವೇತನ ರಜೆ, ಇಲ್ಲವೇ ಅಮಾನತಿನ ಜೀವನಾಧಾರ ಭತ್ಯೆ. ಇದು ಎರಡೂ ಅಲ್ಲ. ಹಡಗಿನಲ್ಲಿಯೋ ಕಚೇರಿಯಲ್ಲಿಯೋ ಹುದ್ದೆ ಇಲ್ಲದ ಅಧಿಕಾರಿಗೆ ಕೊಡುತ್ತಿದ್ದ ಕಡಿಮೆ ಸಂಬಳ ಅದು. ಸೇವೆಯ ಪಟ್ಟಿಯಲ್ಲಿ ಹೆಸರು ಇರುತ್ತಿತ್ತು, ದರ್ಜೆ ಉಳಿಯುತ್ತಿತ್ತು, ಕರೆ ಬಂದರೆ ಹೋಗಬೇಕಿತ್ತು. ನಮ್ಮ ಆದೇಶಗಳ ‘ಸ್ಥಳ ನಿಯುಕ್ತಿಗಾಗಿ ಕಾಯುತ್ತಿರುವ’ ಅಧಿಕಾರಿಗೆ ಹತ್ತಿರ, ಸಂಬಳ ಮಾತ್ರ ಪೂರ್ತಿ ಇಲ್ಲ. ‘ಹುದ್ದೆ ಬಿಟ್ಟು, ಅರ್ಧ ಸಂಬಳದ ಮೇಲೆ ಯಾತ್ರೆಯ ಸಿದ್ಧತೆಗೆ ನಿಂತರು’ ಎಂದು ವಾಕ್ಯವನ್ನೇ ಬಿಡಿಸಿ ಬರೆಯುವುದು ಮೇಲು.

ಸೀ ಲಾರ್ಡ್ ವಿಷಯದಲ್ಲಿ ನಿಮ್ಮ ಅಳುಕು ಸರಿ. ಬ್ರಿಟಿಷ್ ನೌಕಾಪಡೆಯ ಆಡಳಿತ ನೋಡುವ ಅಡ್ಮಿರಾಲ್ಟಿ ಮಂಡಳಿಯಲ್ಲಿ ಕೂರುವ ನೌಕಾಧಿಕಾರಿಗಳವರು, ಜಮೀನ್ದಾರಿ ಪ್ರಭುಗಳಲ್ಲ. ಎರಡನೆಯವರ ಪಾಲಿಗೆ ಸಿಬ್ಬಂದಿಯ ಉಸ್ತುವಾರಿ. ‘ಎರಡನೇ ಸೀ ಲಾರ್ಡ್’ ಎಂದಿಟ್ಟು, ಒಮ್ಮೆ ‘ಸಿಬ್ಬಂದಿ ವಿಭಾಗದ ಮುಖ್ಯಸ್ಥ’ ಎಂದು ಬಿಡಿಸಿ. ‘ಫಸ್ಟ್ ಸೀ ಲಾರ್ಡ್’ ಮತ್ತು ‘ಫಸ್ಟ್ ಲಾರ್ಡ್’ ಬೆರೆಸಬೇಡಿ: ಫಸ್ಟ್ ಸೀ ಲಾರ್ಡ್ ಅಡ್ಮಿರಲ್; ಫಸ್ಟ್ ಲಾರ್ಡ್ ರಾಜಕಾರಣಿ, ಅಂದರೆ ಮಂತ್ರಿ (ಈ ಹುದ್ದೆ 1964ರವರೆಗೆ ಇತ್ತು). 1911ರಲ್ಲಿ ಆ ಕುರ್ಚಿಗೆ ಬಂದವರು ಚರ್ಚಿಲ್.

ಇನ್ನೊಂದು ಉತ್ತರ:
ಮೇಲಿನದಕ್ಕೆ ಒಂದೆರಡು ಸೇರ್ಪಡೆ. ‘ಫ್ಲ್ಯಾಗ್ ಕ್ಯಾಪ್ಟನ್’ ಎಂದರೆ ‘ಧ್ವಜ ನಾಯಕ’ ಅಲ್ಲ. ಅಡ್ಮಿರಲ್ ತಂಗಿರುವ ಹಡಗಿನ ಕ್ಯಾಪ್ಟನ್. 1906ರಲ್ಲಿ ವಿಕ್ಟೋರಿಯಸ್ ಹಡಗಿನಲ್ಲಿ ಸ್ಕಾಟ್ ಅವರಿಗೆ ಈ ಹುದ್ದೆ.

‘ಬಡ್ತಿ’ ಎಂಬ ಒಂದೇ ಪದ ಎಲ್ಲ ಕಡೆ ಹಾಕಿದರೂ ದಾರಿ ಬೇರೆಯಾಗುವುದನ್ನು ತೋರಿಸಿ. ಲೆಫ್ಟಿನೆಂಟ್‌ನಿಂದ ಕಮಾಂಡರ್, ಅಲ್ಲಿಂದ ಕ್ಯಾಪ್ಟನ್ ಆಗುವುದು ಆಯ್ಕೆಯ ಮೇಲೆ. ಬಡ್ತಿ ಪಡೆದವರ ಪಟ್ಟಿ ಜೂನ್ ಕೊನೆಗೆ, ಡಿಸೆಂಬರ್ ಕೊನೆಗೆ ಬರುತ್ತಿತ್ತು. ಬಹಳ ಮಂದಿ ಲೆಫ್ಟಿನೆಂಟ್ ಹಂತದಲ್ಲೇ ನಿಂತುಬಿಡುತ್ತಿದ್ದರು. ಕ್ಯಾಪ್ಟನ್ ಆದ ಮೇಲೆ ರಿಯರ್ ಅಡ್ಮಿರಲ್‌ವರೆಗಿನದು (ಅಡ್ಮಿರಲ್‌ಗಳ ಮೊದಲ ಮೆಟ್ಟಿಲು) ಆಗ ಜ್ಯೇಷ್ಠತೆಯ ಮೇಲೆ ನಡೆಯುತ್ತಿತ್ತು. ‘ಲೆಫ್ಟಿನೆಂಟ್ ಕಮಾಂಡರ್’ ದರ್ಜೆ ಬಂದದ್ದು 1914ರಲ್ಲಿ. ಅದಕ್ಕೆ ಮುಂಚೆ ಎಂಟು ವರ್ಷ ದಾಟಿದ ಲೆಫ್ಟಿನೆಂಟ್‌ನ ಅಂಗಿಯ ತೋಳಿನಲ್ಲಿ ದರ್ಜೆ ತೋರಿಸುವ ಎರಡು ಪಟ್ಟಿಗಳ ನಡುವೆ ತೆಳುವಾದ ಮೂರನೆಯದು ಇರುತ್ತಿತ್ತು, ಹೆಸರು ಮಾತ್ರ ಬರೀ ಲೆಫ್ಟಿನೆಂಟ್. ಆದ್ದರಿಂದ ಟೆರಾ ನೋವಾದ ಯಾರಿಗೂ ಆ ದರ್ಜೆ ಅಂಟಿಸಬೇಡಿ.

ಹಾಗೆಯೇ ಆ ತಂಡದಲ್ಲಿ ಇಬ್ಬರು ಇವಾನ್ಸ್. ಎಡ್ವರ್ಡ್ ಇವಾನ್ಸ್ ಲೆಫ್ಟಿನೆಂಟ್. ಧ್ರುವದಿಂದ ಮರಳುವಾಗ ಫೆಬ್ರವರಿ 1912ರಲ್ಲಿ ಸತ್ತ ಎಡ್ಗರ್ ಇವಾನ್ಸ್ ‘ಪೆಟಿ ಆಫೀಸರ್’. ಅದನ್ನು ‘ಕಿರಿಯ ಅಧಿಕಾರಿ’ ಎಂದರೆ ತಪ್ಪು. ನಾವಿಕರ ಸಾಲಿನಿಂದಲೇ ಮೇಲೆ ಬಂದವರು ಅವರು, ಅಧಿಕಾರಿಗಳ ಸಾಲಿಗೆ ಸೇರುವುದಿಲ್ಲ. ಭೂಸೇನೆಯ ಹವಾಲ್ದಾರರಿಗೆ ಹೋಲಿಸಬಹುದಾದ ಸ್ಥಾನ. ‘ಪೆಟಿ ಆಫೀಸರ್’ ಎಂದೇ ಇರಲಿ.