‘ಕೆಂಪಾದರೆ ನುಂಗಿದ್ದಾರೆ’: ಬ್ಯಾಚ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್

ಫೀಲ್ಡ್ ಅಣ್ಣ, 8:12
*ಫಾರ್ವರ್ಡ್ ಮಾಡಲಾಗಿದೆ*
ಮಲೇರಿಯಾ ತಡೆಯೋ ಮಾತ್ರೆ ತಗೊಂಡಿದ್ದಾರಾ? ಮೂತ್ರಕ್ಕೆ 10 ಹನಿ ಇಯೋಸಿನ್ ದ್ರಾವಣ ಹಾಕಿ. ಕೆಂಪಾದರೆ ತಪ್ಪದೆ ನುಂಗಿದವರು, ಹಳದಿ ಉಳಿದರೆ ಸುಳ್ಳು ಹೇಳ್ತಿರೋರು!

ಲ್ಯಾಬ್ ಅಕ್ಕ, 8:20
ಇದು ಡಿಲ್–ಗ್ಲಾಜ್ಕೋ ಪರೀಕ್ಷೆ, ಇಯೋಸಿನ್ ಅನ್ನೋ ಬಣ್ಣದ ಪುಡಿಯಿಂದ ಮೂತ್ರದಲ್ಲಿ ಔಷಧ ಇದೆಯಾ ಅಂತ ನೋಡೋದು. ಹಳೇದು, ಕೆಲಸಕ್ಕೆ ಬರುತ್ತೆ. ಆದರೆ ಕೊನೇ ಸಾಲು ತಪ್ಪು. ಕೆಂಪಾದರೆ ‘ತಪ್ಪದೆ ನುಂಗಿದವರು’ ಅನ್ನೋದೂ ತಪ್ಪು, ಹಳದಿ ಉಳಿದರೆ ‘ಸುಳ್ಳು’ ಅನ್ನೋದೂ ತಪ್ಪು.

ಫೀಲ್ಡ್ ಅಣ್ಣ, 8:23
ಬಾಯಿಮಾತಿಗಿಂತ ಮೇಲಲ್ವಾ? ಕೇಳಿದರೆ ಎಲ್ಲರೂ ‘ತಗೊಂಡೆ’ ಅಂತಲೇ ಹೇಳ್ತಾರೆ.

ಫಾರ್ಮಾ, 8:31
ಯಾವ ಮಾತ್ರೆ ಅಂತಲೇ ಅದರಲ್ಲಿಲ್ಲ! ಈ ಪರೀಕ್ಷೆ ಕ್ಲೋರೋಕ್ವಿನ್, ಕ್ವಿನೈನ್‌ನಂಥವಕ್ಕೆ. ಮಲೇರಿಯಾ ತಡೆಯೋಕೆ ಕೊಡೋ ಇನ್ನೊಂದು ಮಾತ್ರೆ ಡಾಕ್ಸಿಸೈಕ್ಲಿನ್, ಅದನ್ನು ದಿನಕ್ಕೆ 100 ಮಿ.ಗ್ರಾಂ ತಪ್ಪದೆ ನುಂಗಿದವರ ಮೂತ್ರವೂ ಇದರಲ್ಲಿ ಹಳದಿಯೇ. ಅವರನ್ನು ಸುಳ್ಳುಗಾರರು ಅನ್ನೋಕಾಗುತ್ತಾ?
ಇನ್ನು ಕ್ಲೋರೋಕ್ವಿನ್. ದೊಡ್ಡವರಿಗೆ ವಾರಕ್ಕೊಮ್ಮೆ 300 ಮಿ.ಗ್ರಾಂ ಬೇಸ್ (ಲವಣದ ತೂಕ ಬಿಟ್ಟು ಬರೀ ಔಷಧದ ತೂಕ). ಅದು ಅಂಗಾಂಶಗಳಲ್ಲಿ ಸೇರಿಕೊಂಡು ವಾರಗಟ್ಟಲೆ ನಿಧಾನಕ್ಕೆ ಹೊರಬರುತ್ತೆ. ನಾಲ್ಕು ವಾರ ನುಂಗಿ ಐದನೇ ವಾರ ಬಿಟ್ಟವರದ್ದೂ ಕೆಂಪಾಗಬಹುದು.

ಫೀಲ್ಡ್ ಅಣ್ಣ, 8:34
ಹಾಗಾದರೆ ಪರೀಕ್ಷೆಯೇ ಬೇಡ ಅಂತೀರಾ?

ಲ್ಯಾಬ್ ಅಕ್ಕ, 8:47
ಬೇಡ ಅಂದಿಲ್ಲ. ಕೆಂಪು ಅಂದರೆ ಔಷಧ ಮೈಗೆ ಹೋಗಿದೆ, ಅಷ್ಟೇ. ಯಾವತ್ತು, ಎಷ್ಟು ಅಂತ ಅದು ಹೇಳಲ್ಲ.
ಮಾಡೋದಾದರೆ ಸರಿಯಾಗಿ ಮಾಡಿ. ಹಳದಿ ಇಯೋಸಿನ್ 50 ಮಿ.ಗ್ರಾಂ, ಕ್ಲೋರೋಫಾರ್ಮ್ 100 ಮಿ.ಲೀ., 1 ನಾರ್ಮಲ್ (ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಕ್ಲೋರೋಫಾರ್ಮ್ ತಿಳಿಹಳದಿ ಆಗೋವರೆಗೆ ಕುಲುಕಿ, ಮೇಲಿನ ನೀರಿನ ಪದರ ತೆಗೆದುಬಿಡಿ. ಗಾಜಿನ ಬಿರಡೆ ಇರೋ ಕಂದು ಬಾಟಲಿಯಲ್ಲಿಡಿ. ರಬ್ಬರ್ ಬಿರಡೆ ಬೇಡ, ಕ್ಲೋರೋಫಾರ್ಮ್ ಅದನ್ನು ತಿನ್ನುತ್ತೆ. ತೆಳು ಪ್ಲಾಸ್ಟಿಕ್ ಟ್ಯೂಬೂ ಬೇಡ, ಗಾಜಿನದ್ದೇ ಬೇಕು.
ಮೂತ್ರ 2 ಮಿ.ಲೀ., ದ್ರಾವಣ 10 ಹನಿ. ಜೋರಾಗಿ ಕುಲುಕಿ, ಬಿಡಿ. ನೋಡಬೇಕಾದ್ದು ತಳದ ಪದರ. ಕ್ಲೋರೋಫಾರ್ಮ್ ಭಾರ, ಕೆಳಗೆ ಕೂರುತ್ತೆ. ಕ್ಲೋರೋಕ್ವಿನ್ ಇದ್ದರೆ ಇಯೋಸಿನ್ ಜೊತೆ ಜೋಡಿಯಾಗಿ ಅಲ್ಲಿಗೇ ಇಳಿದು ನೇರಳೆಗೆಂಪು ಬಣ್ಣ ಕೊಡುತ್ತೆ. ಮೇಲಿರೋ ಮೂತ್ರದ ಬಣ್ಣ ನೋಡಿ ತೀರ್ಪು ಕೊಡೋದೇ ಸಾಮಾನ್ಯ ತಪ್ಪು. ಔಷಧ ಇಲ್ಲದ ಮೂತ್ರ ಒಂದು, ಔಷಧ ಬೆರೆಸಿದ್ದು ಒಂದು, ಹೋಲಿಸಿ ನೋಡೋಕೆ ಪಕ್ಕದಲ್ಲಿರಲೇಬೇಕು. ಗಾಳಿಯಾಡೋ ಜಾಗದಲ್ಲಿ ಮಾಡಿ, ಉಳಿದದ್ದನ್ನು ಸಿಂಕಿಗೆ ಸುರೀಬೇಡಿ.

ಫಾರ್ಮಾ, 8:55
ಸಲ್ಫಾಡಾಕ್ಸಿನ್ (ಸಲ್ಫಾ ಗುಂಪಿನ ಔಷಧ) ಇರೋ ಮಾತ್ರೆಗಾದರೆ ಲಿಗ್ನಿನ್ ಪರೀಕ್ಷೆ ಇನ್ನೂ ಸುಲಭ. ನ್ಯೂಸ್‌ಪ್ರಿಂಟ್ ಕಾಗದದ ಅಚ್ಚಿಲ್ಲದ ಅಂಚಿಗೆ ಒಂದು ಹನಿ ಮೂತ್ರ, ಅದರ ನಡುವೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ. ಕಿತ್ತಳೆ ಬಣ್ಣ ಬಂದರೆ ಸಲ್ಫಾ ಇದೆ. ಬಿಳಿ ಪ್ರಿಂಟರ್ ಕಾಗದದಲ್ಲಿ ಬರಲ್ಲ, ಅದರಲ್ಲಿ ಲಿಗ್ನಿನ್ (ಮರದಲ್ಲಿರೋ ಗಟ್ಟಿ ಅಂಶ) ತೆಗೆದಿರ್ತಾರೆ. ಬೇರೆ ಸೋಂಕಿಗೆ ಕೋಟ್ರೈಮಾಕ್ಸಜೋಲ್ (ಅದರಲ್ಲೂ ಸಲ್ಫಾ ಇದೆ) ತಗೊಂಡವರದ್ದೂ ಕಿತ್ತಳೆಯೇ ಆಗುತ್ತೆ, ಮರೀಬೇಡಿ.

ಫೀಲ್ಡ್ ಅಣ್ಣ, 8:58
ಸರಿ, ಹಳದಿ ಉಳಿದರೆ? ಆಗಂತೂ ನುಂಗಿಲ್ಲ ತಾನೇ?

ಲ್ಯಾಬ್ ಅಕ್ಕ, 9:04
ನುಂಗಿ ವಾಂತಿಯಾಗಿರಬಹುದು. ಮಾತ್ರೆಯಲ್ಲೇ ಔಷಧ ಕಡಿಮೆ ಇರಬಹುದು. ಮೂತ್ರ ತೀರಾ ತೆಳುವಿರಬಹುದು. ದ್ರಾವಣ ಕೆಟ್ಟಿರಬಹುದು. ಒಂದೇ ಗುಂಪಲ್ಲಿ ಹತ್ತಾರು ಜನರದ್ದು ಹಳದಿ ಬಂತು ಅಂದರೆ ಮೊದಲು ನೋಡಬೇಕಾದ್ದು ಬಾಟಲಿ ಮತ್ತು ಮಾತ್ರೆಯ ಬ್ಯಾಚು, ಜನರನ್ನಲ್ಲ. ಮತ್ತೆ, ಯಾಕೆ ಪರೀಕ್ಷೆ ಅಂತ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ. ಕದ್ದು ಪರೀಕ್ಷೆ ಮಾಡಿ ಸಿಕ್ಕಿಬಿದ್ದಿರಿ ಅಂದರೆ ಮುಂದಿನ ವಾರ ಯಾರೂ ನಿಮ್ಮ ಹತ್ರ ನಿಜ ಹೇಳಲ್ಲ. ಹೊಟ್ಟೆ ತೊಳಸುತ್ತೆ ಅಂತ ಬಿಟ್ಟವರಿಗೆ ಊಟದ ಜೊತೆ ಕೊಟ್ಟರೆ ಎಷ್ಟೋ ಸಲ ಸಾಕಾಗುತ್ತೆ. ಅದು ಗೊತ್ತಾಗೋದು ಕೇಳಿದಾಗಲೇ.

ಫೀಲ್ಡ್ ಅಣ್ಣ, 9:11
ಫಾರ್ವರ್ಡ್ ಅಳಿಸಿದೆ. ಫಾರಂನಲ್ಲಿ ಬಣ್ಣದ ಪಕ್ಕ ಮೂರು ಕಾಲಂ ಹಾಕ್ತೀನಿ: ಔಷಧದ ಹೆಸರು, ಕೊನೇ ಮಾತ್ರೆ ಯಾವತ್ತು, ವಾಂತಿ ಆಯ್ತಾ.

ಫಾರ್ಮಾ, 9:12
ಉಳಿದಿರೋ ಮಾತ್ರೆ ಎಷ್ಟು, ಅದೂ ಇರಲಿ.